ನಮ್ಮೂರಲ್ಲಿ ಮರೆವಿನವರು ಯಾರೂ ಇಲ್ಲವೆಂದು ಬರೆದೆ

ನಮ್ಮೂರಿನಲ್ಲಿ ಮರೆವಿನ ಕಾಯಿಲೆಯವರು ಒಬ್ಬರೂ ಇಲ್ಲ ಎಂದು ಸರ್ಕಾರಕ್ಕೆ ಬರೆದುಕೊಟ್ಟವಳು ನಾನೇ. ಅದು ಸುಳ್ಳು. ಇಬ್ಬರಿದ್ದರು. ಅವರಲ್ಲಿ ಒಬ್ಬರು ನನ್ನ ಮನೆಯೊಳಗೇ ಇದ್ದರು.

ನಾನು ಮಸ್ಕಿ ಸೀಮೆಯ ಹಳ್ಳಿಯೊಂದರ ಆರೋಗ್ಯ ಕಾರ್ಯಕರ್ತೆ. ಲಸಿಕೆ ಹಾಕಿಸಬೇಕಾದ ಮಕ್ಕಳು, ಬಸುರಿಯರು, ಬಿಪಿ ಇದ್ದವರು — ಮನೆಮನೆ ತಿರುಗಿ ಇವರ ಹೆಸರು ಬರೆದುಕೊಳ್ಳುವುದು ನನ್ನ ಕೆಲಸ. ನಾಲ್ಕು ವರ್ಷದ ಹಿಂದೆ ನಮ್ಮನ್ನೆಲ್ಲ ಲಿಂಗಸುಗೂರಿಗೆ ತರಬೇತಿಗೆ ಕರೆದರು. ವಯಸ್ಸಾದವರನ್ನು ಕೂರಿಸಿಕೊಂಡು ಇವತ್ತು ಯಾವ ವಾರ, ಇದು ಯಾವ ತಿಂಗಳು ಎಂದು ಕೇಳಬೇಕು. ಮೂರು ವಸ್ತುಗಳ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಅವು ನೆನಪಿವೆಯೇ ಎಂದು ನೋಡಬೇಕು. ಮರೆವಿನವರು ಹೆಚ್ಚಿರುವ ಕಡೆಗೆ ಸರ್ಕಾರದ ಅನುದಾನ ಬರುತ್ತದೆ — ವಾರಕ್ಕೊಮ್ಮೆ ವೈದ್ಯರು, ಹಗಲು ಹೊತ್ತು ಅವರನ್ನು ನೋಡಿಕೊಳ್ಳಲು ಒಂದು ಜಾಗ, ಮನೆಯವರಿಗೆ ತಿಳಿವಳಿಕೆ. ಹೇಳಿಕೊಟ್ಟ ಡಾಕ್ಟರಮ್ಮನ ಮಾತು ಇನ್ನೂ ಕಿವಿಯಲ್ಲಿದೆ: "ನೀವು ಬರದವ್ರಷ್ಟ ಸರ್ಕಾರಕ್ಕ ಕಾಣ್ತಾರ್ರೀ. ಬರೀಲಿಲ್ಲಂದ್ರ ಅವ್ರು ಇಲ್ಲಂತನ ಲೆಕ್ಕ."

ರೂಢಿಯಾಗಲೆಂದು ಮೊದಲು ಕೇಳಿದ್ದು ನಮ್ಮ ಅತ್ತೆಯನ್ನೇ. ಎತ್ತು, ಬಾವಿ, ಬೆಲ್ಲ ಎಂದೆ. ಜೋಳ ಹಸನು ಮಾಡುತ್ತ ಕೂತಿದ್ದರು, ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಆ ಮೂರನ್ನು ಹೇಳಿರಿ ಎಂದಾಗ ನನ್ನ ಮುಖವನ್ನೇ ನೋಡುತ್ತ ಕೇಳಿದರು: "ಇದು ಯಾರ ಮನೀಯವ್ವಾ? ನೀ ಯಾರ ಮಗಳು?"

ನನ್ನ ಮಗಳಿಗೆ ಆಗ ಲಿಂಗಸುಗೂರಿನ ಒಂದು ಮನೆಯಿಂದ ಮದುವೆಯ ಮಾತು ನಡೆದಿತ್ತು. ಅಜ್ಜಿಗೆ ತಲೆ ಸರಿಯಿಲ್ಲವಂತೆ ಎಂಬ ಸುದ್ದಿ ಬೀಗರ ಕಿವಿಗೆ ಬಿದ್ದರೆ — ನಾನು ಅಷ್ಟೇ ಯೋಚಿಸಿದೆ. ಅತ್ತೆಯ ಹೆಸರು ಬರೆಯಲಿಲ್ಲ. ಬೇರೆಯವರ ಹೆಸರು ಬರೆದರೆ ವೈದ್ಯರ ತಂಡ ಊರಿಗೆ ಬರುತ್ತದೆ, ಬಂದವರು ನಮ್ಮ ಮನೆಗೂ ಬರುತ್ತಾರೆ. ಹೀಗಾಗಿ ಯಾರ ಹೆಸರನ್ನೂ ಬರೆಯಲಿಲ್ಲ.

ಆ 'ಬೇರೆಯವರು' ಎಂದರೆ ಅಮರಪ್ಪ.

ನಮ್ಮ ಓಣಿಯವರೇ. ಸಿಂಧನೂರಿನ ಕಡೆ ಕಾಲುವೆಯ ಗೇಟು ತೆಗೆದು ಮುಚ್ಚುವ ಕೆಲಸದಲ್ಲಿ ಆಯುಷ್ಯ ಕಳೆದು ಊರಿಗೆ ಬಂದವರು. ಬೆಳಗಾದರೆ "ನೀರು ಬಿಡೋ ಹೊತ್ತಾತು" ಎಂದು ಹೊರಟುಬಿಡುತ್ತಿದ್ದರು. ಹಿಂದೆ ಓಡಿ ಕರೆತರಲು ಇದ್ದವಳು ಸೊಸೆ ಮಹಾದೇವಿ ಒಬ್ಬಳೇ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಅವಳು ಕೂಲಿಗೆ ಹೋಗದಿದ್ದರೆ ಒಲೆ ಹತ್ತುವುದಿಲ್ಲ.

ಒಂದು ದಿನ ನಮ್ಮ ಕಟ್ಟೆಗೆ ಬಂದು ಕೂತಳು. "ಯಕ್ಕಾ, ಮಾವಾರು ನನ್ನ ಗುರ್ತಾ ಹಿಡಿವಲ್ರು. ಹತ್ತಿ ಬಿಡಸಾಕ ಹೋದ್ರ ಜೀವೆಲ್ಲಾ ಮನೀ ಕಡೇನ ಇರತೈತಿ. ಸರ್ಕಾರದ್ದು ಏನರ ಐತೇನ್ರಿ ಇದಕ್ಕ?"

ನಮ್ಮ ಅತ್ತೆ ಒಳಗಿದ್ದರು. ಎಲ್ಲಿ ಹೊರಗೆ ಬಂದು ಏನಾದರೂ ಮಾತಾಡುತ್ತಾರೋ ಎಂದು ಬಾಗಿಲ ಕಡೆಗೇ ನೋಡುತ್ತಿದ್ದೆ. ಅವಳನ್ನು ಬೇಗ ಎಬ್ಬಿಸಿ ಕಳಿಸಬೇಕಿತ್ತು.

"ಅರಳುಮರಳಿಗೆ ಸರ್ಕಾರ ಏನು ಮಾಡತೈತಿ, ತಂಗಿ? ಬಾಗಲಾ ಹಾಕ್ಕೊಂಡು ಹೋಗು" ಎಂದೆ.

ನಾನು ಹೇಳಿದ್ದೆಂದೇ ಅವಳು ಬಾಗಿಲು ಹಾಕಿದಳು.

ಅನುದಾನ ಸಿಂಧನೂರಿಗೆ ಹೋಯಿತು. ನಾನೊಬ್ಬಳು ನಿಜ ಬರೆದಿದ್ದರೆ ನಮ್ಮ ಕಡೆಗೂ ಬರುತ್ತಿತ್ತೇ? ಗೊತ್ತಿಲ್ಲ. ಆ ಪ್ರಶ್ನೆಯ ಹಿಂದೆ ಅಡಗಿಕೊಳ್ಳಲು ಬಹಳ ದಿನ ನೋಡಿದೆ — ಆಗುವುದಿಲ್ಲ. ಏಕೆಂದರೆ ಇನ್ನೊಂದಿದೆ. ಮುಕ್ಕುಂದದ ನೆಂಟರ ಮನೆಗೆ ಎಂದು ಓಣಿಯವರಿಗೆ ಹೇಳಿ, ನಮ್ಮ ಅತ್ತೆಯನ್ನು ನಾನು ಅದೇ ಸಿಂಧನೂರಿಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಎಲ್ಲ ಹೇಳಿಕೊಟ್ಟರು. ಕೂಡಿಹಾಕಬೇಡಿ, ದಿಗಿಲು ಹೆಚ್ಚುತ್ತದೆ. ಹೋಗುತ್ತೇನೆ ಎಂದರೆ ತಡೆಯದೆ ಜೊತೆಗೆ ನಾಲ್ಕು ಹೆಜ್ಜೆ ನಡೆದು, ಮಾತಾಡಿಸುತ್ತ ತಿರುಗಿಸಿಕೊಂಡು ಬನ್ನಿ. ಹೆಸರು, ಊರು, ಫೋನ್ ನಂಬರ್ ಬರೆದ ಪಟ್ಟಿಯನ್ನು ಕೈಗೆ ಕಟ್ಟಿ. ಅತ್ತೆಯ ಕೈಗೆ ಅವರೇ ಕಟ್ಟಿದರು. ಊರು ಬಂದಾಗ ನಾನು ಅದನ್ನು ಸೆರಗಿನಿಂದ ಮುಚ್ಚಿದೆ.

ಅವತ್ತು ಬಸ್ಸಿಳಿದು ಬರುವಾಗ ಮಹಾದೇವಿಯ ಮನೆಯ ಬಾಗಿಲು ಒಳಗಿನಿಂದ ಬಡಬಡ ಸದ್ದು ಮಾಡುತ್ತಿತ್ತು. "ಗೇಟು ತಗೀಬೇಕು, ಬಿಡ್ರಲೇ! ಬೆಳಿ ಒಣಗಾಕತ್ತಾವ!" ನಮ್ಮ ಅತ್ತೆ ನಿಂತುಬಿಟ್ಟರು. "ಯಾರೋ ಕರಿಯಾಕತ್ತಾರ, ನೋಡು" ಎಂದರು. ಎಲ್ಲ ಮರೆತಿದ್ದ ಅವರಿಗೆ ಅದು ಕೇಳಿಸಿತು. ನಾನು ಅವರ ರಟ್ಟೆ ಹಿಡಿದು ಮುಂದೆ ನಡೆಸಿದೆ.

ಹದಿನೈದು ದಿನವೂ ಆಗಿರಲಿಲ್ಲ. ಅಮರಪ್ಪ ಚಿಲಕ ಕಿತ್ತು ಹೊರಬಿದ್ದರು. ಅವರನ್ನು ಸಿಂಧನೂರಿಗೆ ಕರೆದೊಯ್ದ ಬಸ್ಸಿನ ಕಂಡಕ್ಟರ್ ಫೋಟೋ ನೋಡಿ ಗುರುತು ಹಿಡಿದ. ನಿಲ್ದಾಣದಲ್ಲಿ ಚಹಾ ಮಾರುವವನನ್ನು ಕಾಲುವೆಗೆ ದಾರಿ ಯಾವುದೆಂದು ಕೇಳಿದರಂತೆ. ಆಮೇಲೆ ಅವರನ್ನು ಕಂಡವರಿಲ್ಲ. ಠಾಣೆಗೆ ದೂರು ಕೊಟ್ಟರು, ಫೋಟೋ ಹಂಚಿದರು. ಹೆಸರು ಕೇಳಿದರೆ ಹೇಳಲಾರದ ಮನುಷ್ಯ, ಕೈಯಲ್ಲಿ ಪಟ್ಟಿಯೂ ಇಲ್ಲ —

ಊರೆಲ್ಲ ಮಹಾದೇವಿಯ ಮನೆಯ ಮುಂದೆ ಸೇರಿತ್ತು. ನಾಯಿಯನ್ನು ಕೂಡಿಹಾಕಿದಂತೆ ಕೂಡಿಹಾಕಿದ್ದಳಂತೆ, ಅದಕ್ಕೇ ಓಡಿಹೋದ ಎಂದರು. ಗಂಡ ಅವಳ ಮುಖ ನೋಡಲಿಲ್ಲ. ಹಿರಿಯರೊಬ್ಬರು ನನ್ನ ಕಡೆ ತಿರುಗಿದರು: "ಇಂಥಾದ್ದೆಲ್ಲಾ ತಿಳದವ್ರು ನೀವು. ಹಿಂಗ ಕೂಡಿ ಹಾಕಬಾರ್ದು ಅಂತ ಆಕಿಗೆ ಒಂದು ಮಾತು ಹೇಳಬಾರ್ದಿತ್ತೇನ್ರೀ?"

"ಹೇಳಿದ್ದೆ" ಎಂದೆ.

ಮಹಾದೇವಿ ತಲೆಯೆತ್ತಿ ನೋಡಿದಳು. ನಾನು ನಿಜವಾಗಿಯೂ ಹೇಳಿದ್ದೆನೇನೋ, ತನಗೇ ನೆನಪಿಲ್ಲವೇನೋ ಎಂದು ಹುಡುಕುವಂತಿತ್ತು ಆ ನೋಟ.

ಮಗಳ ಮದುವೆಯಾಯಿತು. ಅಜ್ಜಿಯ ಬಗ್ಗೆ ಬೀಗರ ಮನೆಯವರು ಏನನ್ನೂ ಕೇಳಲಿಲ್ಲ. ಯಾರೂ ಕೇಳಲೇ ಇಲ್ಲ.

ಈ ವರ್ಷ ಮತ್ತೆ ಸಮೀಕ್ಷೆ ಬಂತು. ಮೊದಲ ಸಾಲಿನಲ್ಲಿ ಅತ್ತೆಯ ಹೆಸರು ಬರೆದೆ, ಎರಡನೆಯದರಲ್ಲಿ ಅಮರಪ್ಪನವರದು. ಊರಲ್ಲಿ ಇಲ್ಲದವರ ಹೆಸರು ಬರೆಯುವಂತಿಲ್ಲ ಎಂದು ಕಚೇರಿಯವರು ಅದನ್ನು ಹೊಡೆದುಹಾಕಿದರು. ಅಲ್ಲೇ ಒಂದು ಹಾಳೆ ಕೇಳಿ ಪಡೆದು, ಹಿಂದಿನ ಸಲ ಸುಳ್ಳು ಬರೆದೆನೆಂದು ಬರೆದುಕೊಟ್ಟೆ. ಕೆಲಸ ಉಳಿಯುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ.

ಮಹಾದೇವಿಗೂ ಹೇಳಿದೆ. ಕೈಗೆ ಕಟ್ಟಿದ ಪಟ್ಟಿಯದು, ಸಿಂಧನೂರಿನದು, ಬಾಗಿಲ ಮುಂದೆ ಹಾದುಹೋದದ್ದು — ಒಂದೂ ಬಿಡದೆ. ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಒಂದೇ: "ಬಾಗಲಾ ಬಡಿಯೋ ಮುಂದ ಮಾವಾರು ನನ್ನ ಹೆಸರರ ಕರದ್ರೇನ್ರೀ?"

ಇಲ್ಲ ಎಂದೆ. ಎದ್ದು ಒಳಗೆ ಹೋದಳು.

ಮರುದಿನ ಗ್ರಾಮಸಭೆಯಲ್ಲಿ, ಅವಳನ್ನು ಬೈದವರೆಲ್ಲರ ಮುಂದೆ ನಿಂತು ಇದನ್ನೇ ಹೇಳಿದೆ. ಮಹಾದೇವಿ ಬಂದಿರಲಿಲ್ಲ. ಪ್ರತಿ ಸೋಮವಾರ ಅವಳು ಫೋಟೋ ಹಿಡಿದು ಸಿಂಧನೂರಿಗೆ ಹೋಗುತ್ತಾಳೆಂಬುದು ನನಗೆ ತಿಳಿದದ್ದೇ ಅವತ್ತು.

ಈಗ ನಾನೂ ಹೋಗುತ್ತೇನೆ. ಅವಳು ನನ್ನನ್ನು ಕರೆದಿಲ್ಲ, ಬರಬೇಡ ಎಂದೂ ಹೇಳಿಲ್ಲ. ಬಸ್ಸಿನಲ್ಲಿ ದೂರ ಕೂರುತ್ತಾಳೆ. ಇಳಿದ ಮೇಲೆ ಕಾಲುವೆಯ ಒಂದು ದಂಡೆಯ ಮೇಲೆ ಅವಳು ನಡೆಯುತ್ತಾಳೆ, ಇನ್ನೊಂದರ ಮೇಲೆ ನಾನು. ಎದುರಾದವರಿಗೆಲ್ಲ ಫೋಟೋ ತೋರಿಸಿ ಕೇಳುತ್ತೇವೆ. ನಡುವೆ ನೀರು ಹರಿಯುತ್ತಿರುತ್ತದೆ. ಆಚೆ ದಂಡೆಯವಳು ಈ ಕಡೆ ನೋಡುವುದಿಲ್ಲ.