ಪ್ಲಗ್ ಹೊಸದು ಅಂದಿದ್ದೆ

ಹಳೇ ಕಾರು ಇಟ್ಟುಕೊಂಡವರಿಗೆ ಮೊದಲೇ ಹೇಳಿಬಿಡುತ್ತೇನೆ: ಮೆಕ್ಯಾನಿಕ್ ಮುಂದೆ ಜಾಣತನ ತೋರಿಸಬೇಡಿ. ಈ ಮಾತು ನನ್ನ ಬಾಯಲ್ಲಿ ಬಂದರೆ ಮಾರೇನಹಳ್ಳಿಯ ಅಂಗಡಿಯವರು ನಗುತ್ತಾರೆ. ಉಲ್ಲಾಳದಲ್ಲಿ ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಿದ್ದ ನಾನು ಪ್ಲೈವುಡ್ ಅಂಗಡಿ ಇಟ್ಟಿದ್ದೇ ಚೌಕಾಸಿಯಿಂದ. ಎದುರಿನವನಿಗೆ ಗೊತ್ತಿಲ್ಲದ್ದನ್ನು ನಾವಾಗಿ ಬಾಯಿಬಿಡಬಾರದು ಎಂಬುದು ಅಲ್ಲಿ ನಾನು ಕಲಿತ ವಿದ್ಯೆ.

ನನ್ನನ್ನು ಸಾಕಿದ ಅಕ್ಕ ಆಗ ನಮ್ಮ ಮನೆಯಲ್ಲೇ ಇದ್ದಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳಕ್ಕೆ, ಮೈಸೂರು ರಸ್ತೆಯ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್. ತಡವಾದರೆ ಮೆಷಿನ್ ಇನ್ನೊಬ್ಬರಿಗೆ. ಆಟೋದ ಕುಲುಕಾಟ ಅವಳಿಗೆ ಆಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಒರಗಿಸಿಕೊಂಡು ಹೋಗಲು ನನ್ನ ಹಳೇ ಪೆಟ್ರೋಲ್ ಕಾರೇ ಗತಿ.

ಆ ಸಲ ಆಯುಧಪೂಜೆಗೆ ವಾಟರ್ ಸರ್ವಿಸ್‌ನಲ್ಲಿ ಬಾನೆಟ್ ಎತ್ತಿಸಿದೆ. "ಇಂಜಿನ್‌ಗೆ ನೀರು ಬೇಡ ಅಣ್ಣ" ಅಂದ ತೊಳೆಯುವವನು.

"ಕೊಳಕಿಗೆ ಅರಿಶಿನ ಹಚ್ಚಕ್ಕಾಗತ್ತೇನಯ್ಯಾ? ಬಾಡಿವಾಷ್ ರೇಟಲ್ಲೇ ಅದಕ್ಕೂ ಹಿಡಿ" ಅಂದೆ. ಹಿಡಿದ. ಗೆದ್ದೆ ಅನ್ನಿಸಿತು.

ವಾರದೊಳಗೆ ಗಾಡಿ ಏರಿನಲ್ಲಿ ಎಳೆಯುವುದನ್ನು ಬಿಟ್ಟಿತು. ಸಮತಟ್ಟು ರಸ್ತೆಯಲ್ಲಿ ತೊಂದರೆಯಿಲ್ಲ. ಏರು ಬಂತೆಂದರೆ ಎಷ್ಟು ಒತ್ತಿದರೂ ಜಗ್ಗಿ ಜಗ್ಗಿ ನಿಲ್ಲುವುದು.

"ಏನೋ ಇದು, ನನಗಿಂತ ಜಾಸ್ತಿ ಏದುಸಿರು ಬಿಡ್ತಾ ಇದೆ? ಇದನ್ನೂ ಮೆಷಿನ್‌ಗೆ ಹಾಕ್ಸು" ಅಂದಳು ಅಕ್ಕ.

ಮಾರೇನಹಳ್ಳಿಯ ಗ್ಯಾರೇಜಿಗೆ ಒಯ್ದೆ. ನನ್ನ ವಯಸ್ಸಿನವನೇ ಆದ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿದ. "ಮಿಸ್‌ಫೈರ್ ಸಾರ್. ಒಂದು ಸಿಲಿಂಡರ್ ಸರಿಯಾಗಿ ಹೊಡೀತಿಲ್ಲ. ಇಂಜಿನ್‌ಗೆ ನೀರೇನಾದ್ರೂ ಹೊಡ್ಸಿದ್ರಾ?"

ಹೌದು ಅಂದರೆ ಪ್ಲಗ್, ವೈರ್, ಕಾಯಿಲ್ ಎಲ್ಲ ಹೊಸದು ಬೇಕು ಅಂತಾನೆ ಎಂದುಕೊಂಡೆ. "ಇಲ್ಲಪ್ಪ. ಪ್ಲಗ್ಗು, ವೈರು ಹೋದ ತಿಂಗಳು ತಾನೆ ಹೊಸದು ಹಾಕ್ಸಿದೀನಿ. ಅದನ್ನ ಮುಟ್ಬೇಡಿ. ಅಕ್ಕನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಬೇಗ ಮಾಡ್ಕೊಡಿ."

"ಹಂಗಾದ್ರೆ ನೀವೇ ಡಾಕ್ಟ್ರು ಬಿಡಿ" ಎಂದು ನಕ್ಕು, ನನ್ನ ಮಾತು ನಂಬಿ, ತಪ್ಪಿರುವುದು ಪೆಟ್ರೋಲ್ ಕಡೆಯಲ್ಲಿ ಎಂದುಕೊಂಡ. ಫಿಲ್ಟರ್ ಬದಲಿಸಿದ, ಥ್ರಾಟಲ್ ಶುಚಿ ಮಾಡಿದ. ಆರ್‌ಪಿಸಿ ಲೇಔಟಿನ ಮಟ್ಟಸ ರಸ್ತೆಯಲ್ಲಿ ಓಡಿಸಿದಾಗ ಸರಿಯಾಗಿಯೇ ಇತ್ತು. "ಒಂದು ಏರು ಹತ್ತಿಸಿ ನೋಡೋಣ ಸಾರ್" ಅಂದ. ಪೆಟ್ರೋಲ್ ದಂಡ ಅಂದೆ.

ಮರುದಿನ ಬೆಳಿಗ್ಗೆ ಮೈಸೂರು ರಸ್ತೆಯ ಮೇಲ್ಸೇತುವೆಯ ಏರಿನಲ್ಲಿ ಡ್ಯಾಶ್‌ಬೋರ್ಡಿನ ಇಂಜಿನ್ ಲೈಟು ಮಿಣಮಿಣ ಅನ್ನತೊಡಗಿತು. ಆ ಲೈಟು ಹಾಗೆ ಮಿನುಗಿದರೆ ಅಲ್ಲೇ ಪಕ್ಕಕ್ಕೆ ಹಾಕಿ, ಇನ್ನಷ್ಟು ಒತ್ತಬೇಡಿ. ನಾನು ಒತ್ತಿದೆ. ನಡುಸೇತುವೆಯಲ್ಲಿ ಕಾರು ಸತ್ತಿತು. ಹಿಂದೆ ಹಾರನ್ನುಗಳ ಕಿರುಚಾಟ. ಅಲ್ಲಿ ಯಾವ ಆಟೋದವನು ನಿಲ್ಲಿಸುತ್ತಾನೆ? ನಾನು ಗಾಡಿಗೆ ಒದೆಯುತ್ತಿದ್ದೆ.

"ಬಿಡೋ, ಅದನ್ನ ಯಾಕೆ ಒದೀತೀಯ" ಅಂದಳು ಅಕ್ಕ. ಅವಳ ಮುಖ ಆಗಲೇ ಊದಿಕೊಂಡಿತ್ತು.

ಟೋಯಿಂಗ್ ಗಾಡಿಯವರು ಬಂದು, ನಾವು ಕೆಳಗಿಳಿದು, ಆಟೋ ಹಿಡಿದು ತಲುಪುವಷ್ಟರಲ್ಲಿ ಒಂಬತ್ತೂವರೆ. ಮೆಷಿನ್ ಇನ್ನೊಬ್ಬರಿಗೆ ಹೋಗಿತ್ತು. ಖಾಲಿಯಾಗಲಿ ಎಂದು ಬೆಂಚಿನ ಮೇಲೆ ಕಾದೆವು. ಮಧ್ಯಾಹ್ನ ಅವಳಿಗೆ ಉಸಿರು ಸಿಗಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಐಸಿಯುಗೆ ಒಯ್ದರು. ಅಲ್ಲಿಂದ ಅವಳು ಮನೆಗೆ ಬರಲಿಲ್ಲ. ಹೃದಯ ಮೊದಲೇ ಸೋತಿತ್ತು ಅಂದರು ಡಾಕ್ಟರು. ನನ್ನ ಮುಖ ನೋಡಿ ಹಾಗೆ ಅಂದಿರಬೇಕು.

ಕಾರ್ಯಗಳೆಲ್ಲ ಮುಗಿದ ಮೇಲೆ ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ, ನೀರು ಹೊಡೆಸಿದ್ದನ್ನೂ ಪ್ಲಗ್ಗು ಹಳೆಯದೇ ಎನ್ನುವುದನ್ನೂ ಹೇಳಿದೆ. ಅವನು ವೈರ್ ಕಿತ್ತು ಟಾರ್ಚ್ ಬಿಟ್ಟ. ಪ್ಲಗ್ ಕೂರುವ ಗುಂಡಿಯ ತಳದಲ್ಲಿ ತುಕ್ಕು ನೀರು.

"ಈ ನೀರಿಗೇ ಕಿಡಿ ಸೋರಿ ಹೋಗ್ತಿತ್ತು. ಹತ್ತು ನಿಮಿಷದ ಕೆಲಸ ಸಾರ್. ಊದಿ ಒಣಗಿಸಿ, ಒಂದು ಪ್ಲಗ್ಗು, ಒಂದು ವೈರ್. ಆವತ್ತೇ ಹೇಳ್ಬಾರ್ದಿತ್ತಾ?" ಅಂದ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಕೇಳಿದ, "ನಿಮ್ಮಕ್ಕ ಹೇಗಿದಾರೆ ಈಗ?"

"ಪರವಾಗಿಲ್ಲ" ಅಂದೆ. ನಿಜ ಹೇಳಿದ್ದರೆ ಆ ಮನುಷ್ಯ ತನ್ನ ಕೆಲಸವನ್ನೇ ಹಳಿದುಕೊಳ್ಳುತ್ತಿದ್ದ.

ಹಿಂದಿನ ಸೀಟಿನಲ್ಲಿ ಅವಳ ದಿಂಬು ಹಾಗೇ ಬಿದ್ದಿತ್ತು. ಅವನು ಅದನ್ನು ತೆಗೆದು, ಧೂಳು ಕೊಡವಿ, ಅವಳು ಒರಗುತ್ತಿದ್ದ ಕಡೆಯೇ ನೆಟ್ಟಗೆ ಇಟ್ಟು ಬಾಗಿಲು ಹಾಕಿದ.