ಗಾಡಿ ಎಲ್ಲಿತ್ತು, ಬೀರಯ್ಯ ಎಲ್ಲಿದ್ದ

ಹುಣಸೂರಿನ ಬೂಸಾ ಮಂಡಿಗೆ ಸಣ್ಣಬೀರಯ್ಯ ಡ್ರೈವರಾಗಿ ಸೇರಿದಾಗ ಈಗಿನ ಸಾಹುಕಾರ ನಂಜುಂಡೇಶ್ ಇನ್ನೂ ಚಡ್ಡಿ ಹಾಕಿಕೊಂಡು ಹಿಂಡಿ ಮೂಟೆಗಳ ಮೇಲೆ ಕುಣಿಯುತ್ತಿದ್ದ ಹುಡುಗ. ಆ ಹುಡುಗನನ್ನು ಸ್ಕೂಲಿಗೆ ಬಿಟ್ಟು ಬರುವುದೂ, ಸಂಜೆ ಕರೆದುಕೊಂಡು ಬರುವುದೂ ಬೀರಯ್ಯನ ಕೆಲಸವೇ ಆಗಿತ್ತು. ಅಂಥ ಬೀರಯ್ಯನಿಗೆ ಅದೇ ಮಂಡಿಯಲ್ಲಿ ಕೊನೆಗೆ ಸಿಕ್ಕ ಬಿರುದು ಕಳ್ಳ. ಮೊದಲೇ ಹೇಳಿಬಿಡಬೇಕು, ಅವನು ಒಂದು ಕಾಳೂ ಕದ್ದವನಲ್ಲ. ಹಾಗಂತ ದೇವರಂಥ ಮನುಷ್ಯ ಅಂತಲೂ ಅಲ್ಲ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು, ಹಬ್ಬ ಹರಿದಿನ ಬಂದರೆ ಒಂದಿಷ್ಟು ಕುಡಿಯುತ್ತಿದ್ದ. ತನ್ನ ಗಾಡಿಯ ಗಾಜನ್ನು ಬೇರೆಯವರು ಒರೆಸಿದರೆ ಅದನ್ನು ಮತ್ತೆ ತಾನೇ ಒರೆಸುತ್ತಿದ್ದ. ಆದರೆ ಕೈ ಮಾತ್ರ ಶುದ್ಧ, ಅದನ್ನು ಅವನಿಗೆ ಆಗದವರೂ ಒಪ್ಪುತ್ತಿದ್ದರು.

ಮಂಡಿಯ ಗಾಡಿಗಳು ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಅಂತ ದಿಕ್ಕಿಗೊಂದರಂತೆ ಬೂಸಾ ಹಿಂಡಿ ಹೊತ್ತು ಹೊರಡುತ್ತಿದ್ದವು. ಅಲ್ಲಿನ ಡ್ರೈವರುಗಳಲ್ಲಿ ಹಿಂದಿನಿಂದ ಒಂದು ರೂಢಿ ಇತ್ತು. ಒಬ್ಬನ ಮನೆಯಲ್ಲಿ ಸಾವೋ, ನಾಮಕರಣವೋ, ಮಗುವಿಗೆ ಜ್ವರವೋ ಬಂದರೆ ಇಬ್ಬರು ದಾರಿಯಲ್ಲಿ ಗಾಡಿ ಬದಲಾಯಿಸಿಕೊಳ್ಳುವುದು. ಲೋಡಿರುವ ಗಾಡಿಯನ್ನು ಪುರುಸೊತ್ತಿದ್ದವನು ತಲುಪಿಸುತ್ತಾನೆ, ತುರ್ತಿದ್ದವನು ಖಾಲಿ ಗಾಡಿ ತೆಗೆದುಕೊಂಡು ಮನೆಗೆ ಹೋಗಿ ಬರುತ್ತಾನೆ, ಸಂಜೆ ಮತ್ತೆ ಅವರವರ ಗಾಡಿ ಅವರವರಿಗೆ. ನಂಜುಂಡೇಶನ ಅಪ್ಪ ಶಿವನಂಜಪ್ಪನವರಿಗೆ ಇದೆಲ್ಲ ಗೊತ್ತಿತ್ತು. "ಸರಕು ತಲುಪ್ತಾ? ಅಷ್ಟೇ ಸಾಕು ನಡೀರಿ" ಅನ್ನುತ್ತಿದ್ದರು. ಅವರು ತೀರಿಕೊಂಡರು. ಮಗ ಗದ್ದುಗೆ ಏರಿದ.

ನಂಜುಂಡೇಶ್ ಕೆಟ್ಟವನೇನಲ್ಲ, ಆದರೆ ಅವನಿಗೆ ಡೀಸೆಲ್ ಸೋರಿಕೆಯ ಚಿಂತೆ ಹಗಲೂ ರಾತ್ರಿ ತಲೆ ತಿನ್ನುತ್ತಿತ್ತು. ಯಾರೋ ಹೇಳಿದರು ಅಂತ ಎಲ್ಲ ಗಾಡಿಗೂ ಜಿಪಿಎಸ್ ಹಾಕಿಸಿದ. ಸ್ಟೇರಿಂಗ್ ಕೆಳಗೆ ಅಂಗೈಯಗಲದ ಕಪ್ಪು ಡಬ್ಬಿ. ಆಫೀಸಿನಲ್ಲಿ ಪವಿತ್ರ ಅನ್ನುವ ಹುಡುಗಿ ಕಂಪ್ಯೂಟರ್ ಮುಂದೆ ಕೂತು ಯಾವ ಗಾಡಿ ಎಲ್ಲಿದೆ, ಎಷ್ಟು ಹೊತ್ತು ನಿಂತಿದೆ ಅಂತ ನೋಡುತ್ತಿದ್ದಳು. ಟೀ ಕುಡಿಯುವುದು ಸ್ವಲ್ಪ ತಡವಾದರೂ ಫೋನು. ಗಾಡಿ ಬದಲಾಯಿಸಿಕೊಂಡರೆ ಕೆಲಸದಿಂದ ತೆಗೆಯುತ್ತೇನೆ ಅಂತ ನಂಜುಂಡೇಶ್ ಎಲ್ಲರನ್ನೂ ನಿಲ್ಲಿಸಿ ಹೇಳಿದ. ಬೇರೆಯವರು ಗೊಣಗಿ ಸುಮ್ಮನಾದರು. ಬೀರಯ್ಯ ಮಾತ್ರ ಸಾಹುಕಾರನ ಎದುರಿಗೇ ಹೋಗಿ ನಿಂತ. "ನನ್ ಮ್ಯಾಲೂ ಕಾವಲಾ ಸಾವ್ಕಾರ್ರೇ?" ಅಂದ.

"ನಿಮ್ಮ ಮೇಲಲ್ಲ ಬೀರಯ್ಯನವರೇ, ಗಾಡಿ ಮೇಲೆ" ಅಂದ ನಂಜುಂಡೇಶ್. ಮೊದಲು ಬೀರಣ್ಣ ಅನ್ನುತ್ತಿದ್ದ ಬಾಯಿಗೆ ಬೀರಯ್ಯನವರೇ ಅನ್ನುವ ಈ ಹೊಸ ಮರ್ಯಾದೆ ಎಲ್ಲಿಂದ ಬಂತೋ, ಅದೂ ಬೀರಯ್ಯನಿಗೆ ಹಿಡಿಸಲಿಲ್ಲ.

ಮುಸುಕಿನ ಜೋಳದ ಕೊಯ್ಲಿನ ಹೊತ್ತಿಗೆ ಬೀರಯ್ಯನ ತಂಗಿ ಚಿಕ್ಕಬೀರಮ್ಮನ ಗಂಡ ಎದೆನೋವು ಅಂತ ಕೂತವನು ಮತ್ತೆ ಏಳಲಿಲ್ಲ. ಬೀರಯ್ಯನಿಗೆ ಇದ್ದವಳು ಅವಳೊಬ್ಬಳೇ ತಂಗಿ. ಮಣ್ಣಿಗೆ ಹೋಗಲು ರಜೆ ಸಿಕ್ಕಿತು. ಹನ್ನೊಂದನೆಯ ದಿನದ ತಿಥಿಗೆ ಮತ್ತೆ ರಜೆ ಕೇಳಿದರೆ ನಂಜುಂಡೇಶ್ ತಲೆಯೇ ಎತ್ತಲಿಲ್ಲ. "ಬೈಲಕುಪ್ಪೆಯಲ್ಲಿ ಜೋಳ ರಾಶಿ ಬಿದ್ದಿದೆ, ಗಿರಣಿಯವರು ಪ್ರಾಣ ತಿಂತಿದ್ದಾರೆ. ಮಣ್ಣಿಗೆ ಹೋಗಿ ಬಂದಿರಲ್ಲ, ಇನ್ನೇನು?"

ಇನ್ನೇನು ಅಂದರೆ, ಸೀರೆ. ಬೀರಯ್ಯನ ಕಡೆಯವರಲ್ಲಿ ತಿಥಿಯ ದಿನ ಗಂಡ ಸತ್ತವಳಿಗೆ ತವರಿನ ಸೀರೆ ಬರಬೇಕು. ಅಣ್ಣನೋ ತಮ್ಮನೋ ತಂದು ಕೈಯಾರೆ ಅವಳ ಮಡಿಲಿಗೆ ಹಾಕಬೇಕು, ಅವಳು ಅದನ್ನುಟ್ಟ ಮೇಲೆಯೇ ಸತ್ತವನಿಗೆ ಎಡೆ. ಇನ್ನೊಬ್ಬರ ಕೈಯಲ್ಲಿ ಕಳಿಸುವ ಸೀರೆಯಲ್ಲ ಅದು. ಕಳಿಸಿದರೆ ಅವಳಿಗೆ ತವರು ಮುಗಿಯಿತು ಅಂತಲೇ ಲೆಕ್ಕ, ಊರವರು ಅವಳ ಮುಂದೆಯೇ ಆಡಿಕೊಳ್ಳುತ್ತಾರೆ. ಬೀರಯ್ಯ ಸೀರೆ ಕೊಂಡು ಸೀಟಿನ ಕೆಳಗೆ ಇಟ್ಟುಕೊಂಡಿದ್ದ. ಕೆಲಸ ಹೋದರೆ ಇನ್ನು ಮುಂದೆ ಆ ತಂಗಿಯನ್ನು ನೋಡಿಕೊಳ್ಳುವವನು ಯಾರು ಅನ್ನುವ ಭಯವೂ ಅದೇ ತಲೆಯಲ್ಲಿತ್ತು.

ಆಗ ಹಳೆಯ ರೂಢಿ ನೆನಪಾಯಿತು. ಮಹೇಂದ್ರ ಅಂತ ಇನ್ನೊಬ್ಬ ಡ್ರೈವರ್. ಅವನಿಗೆ ಕ್ಲಚ್ಚು ಗೇರು ಕಲಿಸಿದ್ದೇ ಬೀರಯ್ಯ. ಅವತ್ತು ಮಹೇಂದ್ರ ಪಿರಿಯಾಪಟ್ಟಣದಲ್ಲಿ ಬೂಸಾ ಇಳಿಸಿ ಖಾಲಿ ಗಾಡಿಯಲ್ಲಿ ಹುಣಸೂರಿಗೆ ವಾಪಸ್ಸು ಬರಬೇಕಿತ್ತು. ಬೀರಯ್ಯ ಬೈಲಕುಪ್ಪೆಯಲ್ಲಿ ಜೋಳದ ಮೂಟೆ ಏರಿಸಿಕೊಂಡು, ರಾವಂದೂರಿನ ಮೇಲೆ ಹಾದು, ಕೆ.ಆರ್. ನಗರದಾಚೆಯ ಗಿರಣಿಗೆ ಮುಟ್ಟಿಸಬೇಕಿತ್ತು. ಪಿರಿಯಾಪಟ್ಟಣದ ಹೊರಗೆ ಟೀ ಅಂಗಡಿಯ ಹತ್ತಿರ ಇಬ್ಬರೂ ಸೇರಿದರು.

"ಡಬ್ಬಿ ಅದೆಯಲ್ಲ ಬೀರಣ್ಣ" ಅಂದ ಮಹೇಂದ್ರ.

"ಡಬ್ಬಿ ಗಾಡೀಲಿ ತಾನೇ ಅದೆ, ನಮ್ಮ ಮಕಕ್ಕೆ ಕಟ್ಟಿಲ್ವಲ್ಲ. ನನ್ ಗಾಡಿ ಅದರ ದಾರೀಲೇ ಓಯ್ತದೆ. ನಾನು ಸೀರೆ ಕೊಟ್ ಬರೋಗಂಟ ನಿನ್ ಗಾಡಿ ನನ್ ತಂಗಿ ಊರಲ್ಲಿ ವಸಿ ಹೊತ್ತು ನಿಂತ್ಕತದೆ. ಕೇಳಿದ್ರೆ ಪಂಚರ್ ಅನ್ನು. ಗಿರಣಿ ಗೇಟಲ್ಲಿ ಗಾಡಿ ನಂಬರ್ ಬರ್ಕೋತಾರೆ, ಡ್ರೈವರ್ ಮಕ ಯಾವನ್ ನೋಡ್ತಾನೆ?"

"ಆಯ್ತು ಬುಡು, ಓಗಿ ಬಾ" ಅಂದ ಮಹೇಂದ್ರ. ಬಹಳ ಸಲೀಸಾಗಿ ಅಂದ.

ತಿಥಿ ಮನೆಯಲ್ಲಿ ಎಡೆ ಹಾಕದೆ ಕಾಯುತ್ತಿದ್ದರು. ಗಾಡಿ ಬಂದ ಸದ್ದಿಗೇ ಚಿಕ್ಕಬೀರಮ್ಮ ಬಾಗಿಲಿಗೆ ಬಂದಳು. ಬೀರಯ್ಯ ಸೀರೆ ಮಡಿಲಿಗೆ ಹಾಕಿದ. ಅವಳು ಅಣ್ಣನ ಎದೆಗೆ ತಲೆಯಿಟ್ಟು ಗೊಳೋ ಅಂತ ಅತ್ತಳು, ಇವನೂ ಅತ್ತ. ಆಮೇಲೆ ಊಟಕ್ಕೆ ಕೂತಿದ್ದಾಗ ಫೋನು ಹೊಡೆದುಕೊಂಡಿತು. ನೋಡಿದರೆ ಆಫೀಸು. ಬೀರಯ್ಯ ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು, ಆಗಲೂ ಎತ್ತಲಿಲ್ಲ.

"ಯಾಕಣ್ಣ?" ಅಂದಳು ತಂಗಿ.

"ರಜ ಕೊಡ್ನಿಲ್ಲ ಕಣವ್ವ, ಕದ್ದು ಬಂದಿವ್ನಿ. ಇಲ್ಲಿಗ್ ಬಂದಿದ್ದೆ ಅಂತ ಗೊತ್ತಾದ್ರೆ ಕೆಲ್ಸ ಓಯ್ತದೆ."

ಕೈ ತೊಳೆದವನೇ ಗಾಡಿ ಹತ್ತಿದ. ಸಂಜೆ ಹುಣಸೂರಿನ ಹೊರಗೆ ಮಹೇಂದ್ರ ಸಿಕ್ಕಿದ, ಗಾಡಿ ಬದಲಾಯಿಸಿಕೊಂಡರು. ಎಲ್ಲ ಸುಸೂತ್ರ ಅಂದುಕೊಂಡು ಬೀರಯ್ಯ ಆವತ್ತು ನೆಮ್ಮದಿಯಾಗಿ ಮಲಗಿದ.

ಮಾರನೆಯ ದಿನ ಗಿರಣಿಯಿಂದ ದೂರು ಬಂತು. ಬೈಲಕುಪ್ಪೆಯಲ್ಲಿ ಏರಿಸಿದಷ್ಟು ಮೂಟೆ ಅಲ್ಲಿ ಇಳಿದಿಲ್ಲ. ನಂಜುಂಡೇಶ್ ಬೀರಯ್ಯನನ್ನು ಕಂಪ್ಯೂಟರ್ ಮುಂದೆ ನಿಲ್ಲಿಸಿದ. ಪವಿತ್ರ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಬೀರಯ್ಯನ ಗಾಡಿ ರಾವಂದೂರು ದಾಟಿದ ಮೇಲೆ ದೊಡ್ಡ ರಸ್ತೆ ಬಿಟ್ಟು, ಒಂದು ತೋಟದ ದಾರಿಯಲ್ಲಿ ಇಂಜಿನ್ ಆರಿಸಿ ಬಹಳ ಹೊತ್ತು ನಿಂತಿತ್ತು. "ನಾನು ಎರಡು ಸಲ ಫೋನ್ ಮಾಡ್ದೆ ಅಂಕಲ್, ನೀವು ಎತ್ತಲಿಲ್ಲ" ಅಂದಳು. ಪಾಪ, ಅವಳು ಸುಳ್ಳೇನೂ ಹೇಳಲಿಲ್ಲ.

ಬೀರಯ್ಯನಿಗೆ ಒಂದು ಕ್ಷಣದಲ್ಲಿ ಎಲ್ಲ ಹೊಳೆಯಿತು. ಅಯ್ಯೋ ಮನೆಹಾಳ ಮಹೇಂದ್ರ, ನನ್ನ ತಿಥಿ ಮನೆಯ ದಿನವೇ ಬೇಕಿತ್ತೇನೋ ನಿನಗೆ ಅಂತ ಒಳಗೇ ಕುದಿದ. ಬಚ್ಚಿಟ್ಟು ಉಪಯೋಗವಿಲ್ಲ ಅಂತ ಇದ್ದದ್ದು ಇದ್ದಂಗೆ ಹೇಳಿದ. ಗಾಡಿ ಬದಲಾಯಿಸಿದ್ದು ತಪ್ಪು, ಅದಕ್ಕೆ ಬೇಕಾದರೆ ಕೆಲಸದಿಂದ ತೆಗೆಯಿರಿ, ಆದರೆ ಕಳ್ಳ ಅನ್ನಬೇಡಿ ಅಂದ.

ಮಹೇಂದ್ರನನ್ನು ಕರೆಸಿದರು. ಅವನ ಗಾಡಿ ಚಿಕ್ಕಬೀರಮ್ಮನ ಊರಿನಲ್ಲಿ ನಿಂತದ್ದೂ ಪರದೆಯ ಮೇಲಿತ್ತು. ಬೀರಯ್ಯನಿಗೆ ಜೀವ ಬಂದಂತಾಯಿತು. ಮಹೇಂದ್ರ ನೆಲ ನೋಡಿಕೊಂಡು ಹೇಳಿದ: "ನಿಜ ಸಾರ್, ನಾನು ಆ ಊರಿಗೆ ಹೋಗಿದ್ದೆ. ತಂಗಿಗೆ ಸೀರೆ ಕೊಟ್ಟು ಬಾ, ನಂಗೆ ರಜ ಇಲ್ಲ ಅಂತ ಬೀರಣ್ಣನೇ ಕಳ್ಸಿದ್ರು. ಅಲ್ಲೇ ಉಣ್ಣಕ್ಕೆ ಕೂರಿಸ್ಕೊಂಡ್ರು, ತಡ ಆಯ್ತು. ಗಾಡಿ ಗೀಡಿ ಬದಲಾಯಿಸಿಲ್ಲ."

"ಲೇ, ನನ್ ಕಣ್ಣು ನೋಡ್ಕೊಂಡು ಹೇಳ್ಲಾ" ಅಂದ ಬೀರಯ್ಯ. ಮಹೇಂದ್ರ ನೋಡಲಿಲ್ಲ.

ಒಂದೇ ಗಾಡಿ, ಒಂದೇ ಊರು, ಎರಡು ಮಾತು. ಆ ಡಬ್ಬಿಗೆ ಗಾಡಿ ಎಲ್ಲಿ ನಿಂತಿತ್ತು ಅನ್ನುವುದು ಗೊತ್ತು, ಒಳಗೆ ಯಾರು ಕೂತಿದ್ದರು ಅನ್ನುವುದು ಅದರಪ್ಪನಿಗೂ ಗೊತ್ತಿಲ್ಲ. ನಂಜುಂಡೇಶನೂ ಗೊಂದಲಕ್ಕೆ ಬಿದ್ದ. ಚಿಕ್ಕಂದಿನಲ್ಲಿ ಕೈ ಹಿಡಿದು ಸ್ಕೂಲಿಗೆ ಕರೆದೊಯ್ದವನ ಮೇಲೆ ಒಂದಿಷ್ಟು ಮರುಕ ಅವನಿಗೂ ಇತ್ತು ಅಂತ ಕಾಣುತ್ತದೆ.

"ನನ್ ತಂಗಿನೇ ಕೇಳಿ ಸಾವ್ಕಾರ್ರೇ" ಅಂದ ಬೀರಯ್ಯ. "ಈಗ್ಲೇ ಫೋನ್ ಮಾಡಿ. ನಾನು ಬಾಯೇ ಬುಡಲ್ಲ." ತಾನೇ ನಂಬರ್ ಹೇಳಿದ.

ನಂಜುಂಡೇಶ್ ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟ. "ಯಾರಮ್ಮ, ಚಿಕ್ಕಬೀರಮ್ಮನವರಾ? ನಾನು ಹುಣಸೂರು ಮಂಡಿಯ ನಂಜುಂಡೇಶ್. ನಿನ್ನೆ ತಿಥಿಗೆ ನಿಮ್ಮಣ್ಣ ಬಂದಿದ್ರಾ?"

ಬೀರಯ್ಯ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ. ಹೇಳವ್ವ, ಹೇಳು ಅಂತ ಅವನ ತುಟಿ ಅಲ್ಲಾಡುತ್ತಿತ್ತು.

"ಇಲ್ಲ ಸ್ವಾಮಿ" ಅಂದಳು ಚಿಕ್ಕಬೀರಮ್ಮ. "ಅವ್ನೆಲ್ಲಿ ಬತ್ತಾನೆ? ನಿಮ್ ಕೆಲ್ಸ ಬುಟ್ಟು ಬರೋನಲ್ಲ ನಮ್ಮಣ್ಣ."

"ನಮ್ಮ ಗಾಡಿ ನಿಮ್ಮೂರಿಗೆ ಬಂದಿತ್ತಲ್ಲಮ್ಮ?"

"ಬಂದಿತ್ತು ಸ್ವಾಮಿ. ಅದ್ಯಾರೋ ಹುಡುಗ. ನಮ್ಮಣ್ಣ ಅವನ ಕೈಲಿ ಸೀರೆ ಕಳ್ಸಿದ್ದ. ಇಸ್ಕೊಂಡೆ."

"ಚಿಕ್ಕಿ, ಬ್ಯಾಡ ಕಣೆ, ನಿಜ ಹೇಳು" ಅಂತ ಬೀರಯ್ಯ ಮುಂದೆ ಬಾಗುವಷ್ಟರಲ್ಲಿ ನಂಜುಂಡೇಶ್ ಫೋನ್ ಕತ್ತರಿಸಿದ್ದ.

"ಅವಳು ಎದರ್ಕೊಂಡು ಅಂಗಂದ್ಲು ಸಾವ್ಕಾರ್ರೇ. ನನ್ ಕೆಲ್ಸ ಉಳೀಲಿ ಅಂತ ಅಂದ್ಲು. ಇನ್ನೊಂದ್ಸಲ ಮಾಡಿ, ನಾನೇ ಮಾತಾಡ್ತೀನಿ. ಇಡೀ ಊರು ನೋಡಿದೆ ನನ್ನ, ಯಾರ್ನಾದ್ರೂ ಕೇಳಿ."

"ನೀವು ಹೇಳಿಕೊಟ್ಟು ಹೇಳಿಸಿದ್ರೆ ಅದಕ್ಕೇನು ಬೆಲೆ ಬೀರಯ್ಯನವರೇ? ಒಡಹುಟ್ಟಿದವಳೇ ಇಲ್ಲ ಅಂದ ಮೇಲೆ ಊರಿನವರನ್ನ ಏನು ಕೇಳೋದು?" ಅಂದ ನಂಜುಂಡೇಶ್. ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದ: "ಗಂಡ ಸತ್ತ ತಂಗಿಗೆ ಸೀರೇನೂ ಇನ್ನೊಬ್ಬನ ಕೈಲಿ ಕಳಿಸಿದ್ರಲ್ಲ. ನಿಮ್ಮನ್ನ ನಾನು ಹೀಗೆ ಅಂದ್ಕೊಂಡಿರಲಿಲ್ಲ." ಕಳ್ಳ ಅನ್ನಿಸಿಕೊಂಡಾಗ ಸಿಟ್ಟಿನಿಂದ ಕುದಿದಿದ್ದ ಬೀರಯ್ಯ ಈ ಮಾತಿಗೆ ಕುಸಿದುಹೋದ. ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದ.

ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ತಂಗಿಯ ಫೋನು ಬಂತು. ದನಿಯಲ್ಲಿ ಗಂಡ ಸತ್ತ ಮೇಲೆ ಮೊದಲ ಬಾರಿಗೆ ಒಂದಿಷ್ಟು ಗೆಲುವಿತ್ತು. "ಅಣ್ಣ, ನಿಮ್ ಸಾವ್ಕಾರ್ರು ಫೋನ್ ಮಾಡಿದ್ರು ಕಣೋ. ತಿಥಿಗ್ ಬಂದಿದ್ನಾ ಅಂತ ಹೆಂಗ್ ಬಾಯಿ ಬಿಡ್ಸಕ್ ನೋಡಿದ್ರು ಗೊತ್ತಾ? ನಾನು ಸಿಕ್ಕಾಕ್ಕೊಳ್ತೀನಾ? ಬರ್ನೇ ಇಲ್ಲ ಅಂದ್ಬುಟ್ಟೆ. ನಿನ್ ಕೆಲ್ಸಕ್ಕೇನೂ ತೊಂದ್ರೆ ಆಗ್ನಿಲ್ಲ ತಾನೆ?"

ಬೀರಯ್ಯನ ನಾಲಗೆ ತುದಿಗೆ ಮಾತು ಬಂದಿತ್ತು. ನೀನೇ ನನ್ನ ಮುಗಿಸಿಬಿಟ್ಟೆಯಲ್ಲೇ ಅಂತ ಕಿರುಚಬೇಕು ಅನ್ನಿಸಿತ್ತು. ಹನ್ನೊಂದು ದಿನ ಅತ್ತು ಅತ್ತು ಸೋತಿದ್ದ ತಂಗಿ ಆ ಕಡೆ ಉತ್ತರಕ್ಕೆ ಕಾಯುತ್ತಿದ್ದಳು.

"ಏನೂ ಆಗ್ನಿಲ್ಲ ಕಣವ್ವ" ಅಂದ. "ಒಳ್ಳೇದ್ ಮಾಡ್ದೆ."

ಹುಣಸೂರಿನಲ್ಲಿ ಯಾರೂ ಅವನ ಕೈಗೆ ಮತ್ತೆ ಗಾಡಿ ಕೊಡಲಿಲ್ಲ. ಕಳ್ಳ ಅನ್ನುವ ಮಾತು ಒಂದು ಮಂಡಿಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕು? ಬೈಲಕುಪ್ಪೆ ದಾರಿಗೆ ಈಗ ಮಹೇಂದ್ರನೇ ಓಡಿಸುತ್ತಾನೆ, ಅದೇ ಗಾಡಿ. ಬೀರಯ್ಯ ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರಲ್ಲಿ ಈ ವಯಸ್ಸಿನಲ್ಲಿ ಮೂಟೆ ಹೊರುತ್ತಾನೆ. ತಂಗಿಯ ಊರಿಗೆ ಹೋಗುವ ದಿನ ಮಾತ್ರ ಪೆಟ್ಟಿಗೆಯಿಂದ ಡ್ರೈವರ್ ಕೆಲಸದ ಖಾಕಿ ಅಂಗಿ ತೆಗೆದು ಹಾಕಿಕೊಂಡು ಬಸ್ಸು ಹತ್ತುತ್ತಾನೆ.

ಹೋದ ಸಲ ಹೋದಾಗ ಪಕ್ಕದ ಮನೆಯವಳು ಜಗಲಿಯಲ್ಲಿ ಕೂತಿದ್ದಳು. ಚಿಕ್ಕಬೀರಮ್ಮ ಅಣ್ಣನ ತಟ್ಟೆಗೆ ಮುದ್ದೆ ಹಾಕುತ್ತಾ, ಎಷ್ಟನೆಯ ಸಲವೋ ಏನೋ, ಆ ಕಥೆಯನ್ನು ಮತ್ತೆ ತೆಗೆದಳು. "ಆವತ್ತು ನಾನು ಬಾಯಿ ಬುಟ್ಟಿದ್ರೆ ನಮ್ಮಣ್ಣ ಇವತ್ತು ಎಲ್ಲಿ ಕೂಲಿ ಮಾಡ್ತಿದ್ನೋ ಏನೋ ಕಣಕ್ಕ" ಅಂದಳು. ಬೀರಯ್ಯ ತಲೆ ತಗ್ಗಿಸಿ ಮುದ್ದೆ ಮುರಿದುಕೊಂಡ.