ಏಳು ನಿಮಿಷದ ಕರೆಗಂಟೆ

ಮುನಿಸ್ವಾಮಪ್ಪನವರ ಮನೆಗೆ ಹೋದವರು ಬಾಗಿಲು ತೆರೆಯುವ ಮೊದಲು ಒಂದು ಪೂರ್ತಿ ಸಂಗೀತ ಕಚೇರಿ ಕೇಳಬೇಕಿತ್ತು. ಹೊರಗಿನ ಗುಂಡಿ ಒತ್ತಿದರೆ ಒಳಗೆ ಗೂಡಿನಲ್ಲಿಟ್ಟ ಟೇಪ್ ರೆಕಾರ್ಡರಿನಲ್ಲಿ ಕೋಗಿಲೆಯ ಹಾಡು ಶುರುವಾಗುತ್ತಿತ್ತು. ಅದು ಮುಗಿಯುವವರೆಗೆ ಚಿಲಕ ಸರಿಯುತ್ತಿರಲಿಲ್ಲ. ಕದದ ಹಿಂದೆ ಅವರು ಕೆಮ್ಮುವುದು ಮಾತ್ರ ಕೇಳಿಸುತ್ತಿತ್ತು.

ಆಂಡರ್ಸನ್‌ಪೇಟೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಗಣಿಯಲ್ಲಿ ಹೇಳಿದಷ್ಟು ಕೆಲಸ ಮಾಡಿ ಬರುವ ಎಲೆಕ್ಟ್ರಿಷಿಯನ್ ಮನೆಯೊಳಗೆ ಕಾಲಿಟ್ಟೊಡನೆ ವಿಜ್ಞಾನಿಯಾಗುತ್ತಿದ್ದರು. ಒಮ್ಮೆ ನಮ್ಮಮ್ಮ ಅವಸರಕ್ಕೆ ಕದ ತಟ್ಟಿದ್ದಕ್ಕೆ, “ಕದ ತಟ್ಟೋದು ಪೊಲೀಸ್ನೋರ ಕೆಲ್ಸ ಕಣಮ್ಮಾ. ಮರ್ಯಾದಸ್ತರು ಬೆಲ್ ಒತ್ತಿ, ನಿಂತು ಕೇಳ್ತಾರೆ” ಎಂದು ಪಾಠ ಹೇಳಿದ್ದರು. ದಿನಕ್ಕೆರಡು ಸಲ ತಾವೇ ಹೊರಗೆ ಬಂದು, ತಮ್ಮದೇ ಬೆಲ್ ಒತ್ತಿ, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ರಾತ್ರಿಪಾಳಿ ಮುಗಿಸಿ ಹಗಲು ಮಲಗುತ್ತಿದ್ದ ಎದುರುಮನೆಯ ಸೆಲ್ವಂ ಒಂದು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, “ಅಣ್ಣೇ, ನಿಮ್ ಕೋಗಿಲೆಗೂ ವಾರಕ್ಕೊಂದಿನ ರಜಾ ಕೊಡಿ” ಎಂದು ಕೈಮುಗಿದ. ಅದನ್ನೂ ಇವರು ಹೊಗಳಿಕೆಯೆಂದೇ ತಿಳಿದರು.

ಒಂದು ತಿಂಗಳು ಕೋಗಿಲೆ ಹೋಗಿ ಕರುವಿನ ಕೂಗು ಬಂತು. ಕ್ಯಾಸಂಬಳ್ಳಿಯಿಂದ ಹಾಲು ತರುತ್ತಿದ್ದ ಚಿನ್ನಮ್ಮ ಎರಡು ದಿನ ಸಹಿಸಿದಳು. ಮೂರನೆಯ ದಿನ, “ನಿಮ್ಮನೇಲೇ ಕರ ಐತಲ್ಲ ಸಾಮಿ, ಇನ್ನ ನನ್ ಆಲು ಯಾಕೆ?” ಎಂದು ಅವರ ಪಾಲಿನ ಹಾಲನ್ನೂ ನಮ್ಮ ಪಾತ್ರೆಗೇ ಸುರಿದು ನಡೆದಳು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಅವರ ಮಗಳು ಸರೋಜ ನನ್ನ ಗೆಳತಿ, ತಾಯಿಯಿಲ್ಲದವಳು. ಬಂದ ಎರಡು ಸಂಬಂಧ ಒಲ್ಲೆನೆಂದವಳು, ಯಾರದೋ ಮದುವೆಯಲ್ಲಿ ನೋಡಿದ್ದ ಕಾಮಸಮುದ್ರದ ಹುಡುಗನಿಗೆ ಮಾತ್ರ ಮನಸ್ಸು ಕೊಟ್ಟಿದ್ದಳು. ಹುಡುಗನ ಕಡೆಯವರು ಒಂದು ಭಾನುವಾರ ನೋಡಲು ಬರುವುದೆಂದಾಯಿತು. ನಾಲ್ಕೂವರೆಗೆ ರಾಹುಕಾಲ ಹುಟ್ಟುವ ಮೊದಲು ಅವರು ಹೊಸಿಲು ದಾಟಬೇಕಿತ್ತು. ಮಗಳಿಗೆ ಹೊಸ ಸೀರೆ ತರಲು ಮರೆತ ಅಪ್ಪ ಬೆಲ್ಲಿಗೆ ಹೊಸ ಕ್ಯಾಸೆಟ್ ತಂದಿದ್ದರು. ಅದರಲ್ಲಿ ಕೋಗಿಲೆ, ನಾದಸ್ವರ, ಕೊನೆಗೆ ತಮ್ಮದೇ ಸ್ವಾಗತ ಭಾಷಣ.

ಬಸ್ಸು ತಡವಾಗಿ ಅವರು ಬಂದಾಗ ನಾಲ್ಕು ಇಪ್ಪತ್ತೈದು. ಗುಂಡಿ ಒತ್ತಿದರು. ಕೋಗಿಲೆ ಕೂಗತೊಡಗಿತು.

“ಅಪ್ಪಾ, ಕದ ತೆಗಿ. ರಾಹುಕಾಲ ಬತ್ತೈತೆ” ಎಂದಳು ಸರೋಜ.

“ಇರು ತಾಯಿ. ಅವ್ರೂರಲ್ಲಿ ಇಂಥದ್ದು ಎಲ್ಲೈತೆ? ಪೂರ್ತಿ ಕೇಳ್ಲಿ.”

ಸರೋಜಳ ಜೊತೆಗೆಂದು ಬಂದಿದ್ದ ನಾನು ಚಿಲಕಕ್ಕೆ ಕೈ ಹಾಕಿದೆ, ಅವರು ನನ್ನ ಕೈ ಸರಿಸಿದರು. ಹೊರಗೆ ಯಾರೋ “ಒತ್ತಾಗೋಯ್ತು, ತಗೀರಿ” ಎನ್ನುತ್ತಿದ್ದರೆ ಒಳಗೆ ಮುನಿಸ್ವಾಮಪ್ಪನವರ ಭಾಷಣ ಅತಿಥಿಗಳ ಪಾದಧೂಳಿಯ ಮಹಿಮೆ ಕೊಂಡಾಡುತ್ತಿತ್ತು. ಕದ ತೆರೆದಾಗ ನಾಲ್ಕು ಮೂವತ್ತೆರಡು. ಹುಡುಗನ ದೊಡ್ಡಪ್ಪ ಹೊಸಿಲಾಚೆಯೇ ಕೈಮುಗಿದರು. “ರಾಹುಕಾಲ ಉಟ್ಟೋಯ್ತು ಯಜಮಾನ್ರೇ. ಎಣ್ಣು ನೋಡೋ ಕೆಲ್ಸ, ಇನ್ನ ಒಳಕ್ಕೆ ಬರಾಕಾಗಲ್ಲ.” ಆರರವರೆಗೆ ಕಾಯಲು ಅವರ ಊರಿನ ಕೊನೆಯ ಬಸ್ಸು ಬಿಡುತ್ತಿರಲಿಲ್ಲ. ತಿರುಗಿ ಹೊರಟವರ ಬೆನ್ನಿಗೆ ಇವರು ಕೇಳಿದ್ದು ಒಂದೇ ಮಾತು: “ಭಾಷಣ ಎಂಗಿತ್ತು?”

ಸರೋಜ ಮುಡಿದಿದ್ದ ಮಲ್ಲಿಗೆ ತೆಗೆದು ನನ್ನ ಕೈಗಿಟ್ಟಳು. ಬಾಗಿಲಲ್ಲೇ ನಿಲ್ಲಿಸಿಕೊಂಡ ಮನೆಗೆ ಆ ಜನ ಮತ್ತೆ ಬರಲಿಲ್ಲ. ನನಗೆ ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಮುಂದೆ ಅವಳನ್ನು ಬಂಗಾರಪೇಟೆಗೆ ಕೊಟ್ಟರು. ಒಮ್ಮೆ ನಾನು ಅಲ್ಲಿಗೆ ಹೋಗಿದ್ದಾಗ, ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಯಾರೋ ಮೆಲ್ಲಗೆ ಕದ ತಟ್ಟಿದರು. ಕಿಟಕಿಯಲ್ಲಿ ನೋಡಿದರೆ ಮುನಿಸ್ವಾಮಪ್ಪ, ಕೈಯಲ್ಲೊಂದು ಚೀಲ. ನಾನು ಏಳಹೋದರೆ ಸರೋಜ ಸೆರಗು ಹಿಡಿದು ಕೂರಿಸಿದಳು. “ಇರ್ಲಿ, ಸುಲಿ.” ನಮ್ಮ ಮಾತು ಹೊರಗೆ ಚೆನ್ನಾಗಿ ಕೇಳಿಸುತ್ತಿತ್ತು. ಅವರು ಎರಡನೆಯ ಸಲ ತಟ್ಟಲಿಲ್ಲ. ಬುಟ್ಟಿ ಅರ್ಧವಾದ ಮೇಲೆ ಅವಳೇ ಎದ್ದು ಕದ ತೆಗೆದಳು.

ಬಿಸಿಲಿಗೆ ಮುಖ ಕಂದಿತ್ತು. “ಅವತ್ತು ಅವ್ರೂ ಇಷ್ಟೊತ್ತು ನಿಂತಿದ್ರಾ ತಾಯಿ?” ಎಂದರು.

“ಇಲ್ಲಪ್ಪ, ಅವ್ರು ಬೇರೆಯೋರು, ಒಂಟೋದ್ರು. ನೀನು ಅಪ್ಪ, ನಿಂತ್ಕಂಡೆ. ಬಾ ಒಳಕ್ಕೆ.”

ಅವರನ್ನು ನಾನು ನೋಡಿದ್ದು ಅದೇ ಕೊನೆ. ಒಳಗೆ ಬಂದವರು ನೀರನ್ನೂ ಕೇಳದೆ ನೆಲಕ್ಕೆ ಕೂತು, ಮಗಳ ಮುಖ ನೋಡಲಾರದೆ, ಉಳಿದ ಅವರೆಕಾಯಿಯನ್ನೆಲ್ಲ ಸುಲಿದರು.